ಮನೆ ನಮ್ಮದು, ನೆಲ ಅವರದು

ಅಮೆರಿಕದಲ್ಲಿ ಒಂದಷ್ಟು ವರ್ಷ ಬಾಳಿದ ಕನ್ನಡಿಗರೆಲ್ಲ ಅವನ್ನು ನೋಡಿಯೇ ಇರುತ್ತಾರೆ. ಊರಿನ ಅಂಚಿನಲ್ಲಿ, ಹೆದ್ದಾರಿಯ ಪಕ್ಕದಲ್ಲೋ ರೈಲು ಹಳಿಯ ಆಚೆಗೋ, ಸಾಲಾಗಿ ನಿಂತ ತಗ್ಗು ಸೂರಿನ ಉದ್ದನೆಯ ಮನೆಗಳು. ಬಾಗಿಲಲ್ಲಿ ‘ಮೊಬೈಲ್ ಹೋಮ್ ಪಾರ್ಕ್’ ಎಂಬ ಫಲಕ. ಊರಿನಿಂದ ಬಂದ ಅಪ್ಪ ಅಮ್ಮ ಅದನ್ನು ಓದಿ, “ಇದೆಂಥ ಪಾರ್ಕು, ಗಿಡಮರವೇ ಕಾಣೆ” ಎನ್ನುವುದುಂಟು. ಆ ಹೆಸರೇ ದಾರಿ ತಪ್ಪಿಸುವಂಥದು. ಅದು ಉದ್ಯಾನವನವಲ್ಲ, ಆ ಮನೆಗಳು ಚಲಿಸುವುದೂ ಇಲ್ಲ.

ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಇಡೀ ಮನೆಯನ್ನು ಕಟ್ಟಿ, ಕೆಳಗೆ ಗಾಲಿ ಜೋಡಿಸಿ, ಲಾರಿಯ ಹಿಂದೆ ಎಳೆದು ತಂದು ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸುತ್ತಾರೆ. ಕೊಂಡವರು ಮನೆಯ ಒಡೆಯರಾಗುತ್ತಾರೆ. ಮನೆಯ ಕೆಳಗಿನ ಸೈಟು ಮಾತ್ರ ಪಾರ್ಕಿನ ಮಾಲೀಕರದು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಇಂಥ ಕಾರ್ಖಾನೆಯ ಮನೆಗಳಲ್ಲಿ ಈ ದೇಶದಲ್ಲಿ ಸುಮಾರು ಎರಡು ಕೋಟಿ ಜನ ವಾಸಿಸುತ್ತಾರೆ. ಅವರಲ್ಲಿ ಹಲವರು ಸ್ವಂತ ಜಮೀನಿನಲ್ಲೇ ಮನೆ ಇಟ್ಟುಕೊಂಡಿದ್ದಾರೆ. ಈ ಲೇಖನ ಉಳಿದವರ ಕುರಿತದ್ದು: ಸ್ವಂತ ಮನೆಯನ್ನು ಪರರ ನೆಲದಲ್ಲಿ ಇಟ್ಟವರ ಕುರಿತದ್ದು.

ಅವರ ಇಕ್ಕಟ್ಟು ವಿಚಿತ್ರ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಜೊತೆ ಸರಿಹೋಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬಹುದು. ಸ್ವಂತ ಮನೆ, ಸ್ವಂತ ನೆಲ ಇದ್ದವರನ್ನು ಹೊರಡಿ ಎನ್ನಲು ಸುಲಭಕ್ಕೆ ಯಾರಿಂದಲೂ ಆಗದು. ಪಾರ್ಕಿನಲ್ಲಿರುವವರು ಗಂಟುಮೂಟೆ ಕಟ್ಟಿದರೂ ಮನೆ ಅಲ್ಲೇ ನಿಂತಿರುತ್ತದೆ. ಅದನ್ನು ಕಿತ್ತು ಬೇರೆಡೆಗೆ ಸಾಗಿಸಲು ಸಾವಿರಾರು ಡಾಲರ್ ಬೇಕು. ಹಳೆಯ ಮನೆಯಾದರೆ ಸಾಗಿಸುವಾಗಲೇ ಬಿರುಕು ಬಿಡುತ್ತದೆ, ಬೇರೆ ಪಾರ್ಕುಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಹೀಗಾಗಿ ಬಾಡಿಗೆ ಏರಿದರೆ ಕಟ್ಟಬೇಕು, ಇಲ್ಲವೇ ಮನೆಯನ್ನು ಸಿಕ್ಕಿದ ಬೆಲೆಗೆ ಮಾರಿ ಹೋಗಬೇಕು. ಈ ಸರಳ ಸಂಗತಿಯನ್ನು ಅಮೆರಿಕದ ಕಾನೂನು ಒಪ್ಪಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ಡಬ್ಬಿ ಪ್ರವಾಸಿಗಳಿಂದ ಕಾರ್ಮಿಕರ ಬಿಡಾರಕ್ಕೆ

ಕಥೆ ಶುರುವಾಗುವುದು ಮೋಜಿನಿಂದ. ಕಾರುಗಳು ಸಾಮಾನ್ಯರ ಕೈಗೆಟುಕಿದ ಮೇಲೆ ಜನ ಡೇರೆ, ಹಾಸಿಗೆ, ಡಬ್ಬಿಯಲ್ಲಿಟ್ಟ ಆಹಾರವನ್ನು ಹೇರಿಕೊಂಡು ಊರೂರು ಸುತ್ತತೊಡಗಿದರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಇಂಥವರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನೇ ಕಟ್ಟಿಕೊಂಡರು. ಕಾರಿನ ಮೂತಿಗೆ ಅಂಟಿಸಿದ ಖಾಲಿ ಡಬ್ಬಿ ಅವರ ಗುರುತು. ಊರುಗಳು ಅವರಿಗಾಗಿ ನೀರು, ಶೌಚಾಲಯವಿರುವ ಬಯಲುಗಳನ್ನು ಒದಗಿಸಿದವು. ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಳಾದ ಟ್ರೇಲರ್‌ಗಳು 1930ರ ದಶಕದಲ್ಲಿ ಕಾರ್ಖಾನೆಗಳಿಂದ ಸಾವಿರಗಟ್ಟಲೆ ಹೊರಬಂದವು.

ಆದರೆ ಅದು ಆರ್ಥಿಕ ಕುಸಿತದ ದಶಕವೂ ಹೌದು. ಮನೆ ಕಳೆದುಕೊಂಡವರು, ಕೆಲಸ ಹುಡುಕಿ ಹೊರಟವರು ಟ್ರೇಲರ್‌ನಲ್ಲೇ ಸಂಸಾರ ಹೂಡಿದರು. ಪ್ರವಾಸಿಗಳನ್ನು ನಗುನಗುತ್ತ ಬರಮಾಡಿಕೊಂಡ ಊರುಗಳು ಇವರನ್ನು ಕಂಡು ಮುಖ ಸಿಂಡರಿಸಿದವು. 1936ರಲ್ಲಿ ಮಿಷಿಗನ್ ರಾಜ್ಯದ ಆರ್ಚರ್ಡ್ ಲೇಕ್ ಎಂಬ ಹಳ್ಳಿಯ ನ್ಯಾಯಾಲಯದ ಮುಂದೆ, ಗಾಲಿಯಿರುವ ಟ್ರೇಲರ್ ವಾಹನವೋ ಮನೆಯೋ ಎಂಬ ಪ್ರಶ್ನೆ ಬಂತು. ಜನ ಅಲ್ಲಿ ಉಂಡು ಮಲಗಿ ಬಾಳುತ್ತಿರುವುದರಿಂದ ಅದು ಮನೆಯೇ ಎಂದು ನ್ಯಾಯಾಲಯ ಹೇಳಿತು. ಕೇಳಲು ಒಳ್ಳೆಯ ತೀರ್ಪು. ಫಲ ಮಾತ್ರ ಉಲ್ಟಾ. ಮನೆ ಎಂದಾದ ಮೇಲೆ ಊರಿನ ಕಟ್ಟಡ ನಿಯಮಗಳನ್ನೂ ಪಾಲಿಸಬೇಕಾಯಿತು, ಅಷ್ಟು ಚಿಕ್ಕ ಟ್ರೇಲರ್‌ಗೆ ಅದು ಸಾಧ್ಯವಿರಲಿಲ್ಲ. ಮುಂದಿನ ದಶಕಗಳ ಉದ್ದಕ್ಕೂ ಇದೇ ಆಟ: ಹೊರಗಿಡಬೇಕಾದಾಗ ಅದು ಮನೆ, ಹಕ್ಕು ಕೇಳಿದಾಗ ಅದು ವಾಹನ.

ಎರಡನೆಯ ಮಹಾಯುದ್ಧ ಬಂದಾಗ ಯುದ್ಧವಿಮಾನ, ಹಡಗು ಕಟ್ಟುವ ಕಾರ್ಮಿಕರಿಗೆ ಸರ್ಕಾರವೇ ಸಾವಿರಾರು ಟ್ರೇಲರ್‌ಗಳನ್ನು ಕೊಂಡು ವಸತಿ ಒದಗಿಸಿತು. ಯುದ್ಧ ಮುಗಿದ ಮೇಲೆ ಮನೆಗಳ ಕೊರತೆ ಇನ್ನೂ ಹೆಚ್ಚಾಯಿತು. 1954ರಲ್ಲಿ ವಿಸ್ಕಾನ್ಸಿನ್‌ನ ಎಲ್ಮರ್ ಫ್ರೇ ಎಂಬ ತಯಾರಕ ಎಂಟು ಅಡಿಯ ಬದಲು ಹತ್ತು ಅಡಿ ಅಗಲದ ಮನೆ ತಯಾರಿಸಿದ. ಎರಡೇ ಅಡಿ ಹೆಚ್ಚಾದದ್ದು. ಆದರೆ ಅದರಿಂದ ಕೋಣೆಗಳ ಪಕ್ಕದಲ್ಲಿ ಓಡಾಡಲು ಜಾಗ ಸಿಕ್ಕಿತು, ಮಲಗುವ ಕೋಣೆಗೆ ಬಾಗಿಲು ಬಂತು. ಜೊತೆಗೆ ಅದು ಹೆದ್ದಾರಿಯ ಮಿತಿಗಿಂತ ಅಗಲವಾದ್ದರಿಂದ, ವಿಶೇಷ ಪರವಾನಗಿ ಇಲ್ಲದೆ ರಸ್ತೆಗೆ ಇಳಿಯುವಂತಿರಲಿಲ್ಲ. ‘ಮೊಬೈಲ್ ಹೋಮ್’ ಎಂಬ ಹೆಸರನ್ನು ಜನಪ್ರಿಯಗೊಳಿಸಿದವನೂ ಫ್ರೇ ಎನ್ನುತ್ತಾರೆ. ಅಂದರೆ ಮನೆ ಚಲಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ ಹೊತ್ತಿನಲ್ಲೇ ಅದಕ್ಕೆ ‘ಚಲಿಸುವ ಮನೆ’ ಎಂಬ ಹೆಸರು ಗಟ್ಟಿಯಾಯಿತು.

ಮಾಲೀಕನ ಮಾತೇ ಕಾನೂನು

ಮನೆಗಳು ಹೆಚ್ಚಿದವು, ಅವನ್ನು ಇಡುವ ಜಾಗ ಹೆಚ್ಚಲಿಲ್ಲ. ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ನಿರ್ಧರಿಸುವ ವಲಯ ನಿಯಮಗಳನ್ನು ಬಳಸಿ ಹೆಚ್ಚಿನ ಊರುಗಳು ಪಾರ್ಕುಗಳನ್ನು ಗೋದಾಮು, ಕಾರ್ಖಾನೆಗಳ ಮಗ್ಗುಲಿಗೆ ತಳ್ಳಿದವು. ಕೆಲವು ಪೂರ್ತಿ ನಿಷೇಧಿಸಿದವು. 1962ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ಗ್ಲಾಸ್ಟರ್ ಟೌನ್‌ಶಿಪ್ ತನ್ನ ಇಡೀ ಗಡಿಯೊಳಗೆ ಟ್ರೇಲರ್ ಪಾರ್ಕೇ ಬೇಡವೆಂದದ್ದನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಹಾಲ್ ಅದಕ್ಕೆ ಭಿನ್ನಮತ ಬರೆದರು. ಊರೊಂದು ತನಗೆ ಬೇಡವಾದ ಜನರನ್ನು ವಲಯ ನಿಯಮದ ನೆಪದಲ್ಲಿ ಹೊರಗಿಡಬಾರದೆಂಬ ಅವರ ನಿಲುವು 1975ರಲ್ಲಿ, ಮೌಂಟ್ ಲಾರೆಲ್ ಪ್ರಕರಣದಲ್ಲಿ, ಅದೇ ನ್ಯಾಯಾಲಯದ ತೀರ್ಪಾಯಿತು. ಅಷ್ಟರಲ್ಲಿ ಪಾರ್ಕುಗಳ ಅಭಾವ ದೇಶದ ತುಂಬ ಹರಡಿತ್ತು.

ಜಾಗ ಅಪರೂಪವಾದಾಗ ಜಾಗದ ಒಡೆಯ ರಾಜನಾಗುತ್ತಾನೆ. ಆ ಕಾಲದ ಹಲವು ಪಾರ್ಕುಗಳಲ್ಲಿ ಸೈಟು ಬೇಕಾದರೆ ಮನೆಯನ್ನು ಪಾರ್ಕಿನ ಮಾಲೀಕ ಹೇಳಿದ ವ್ಯಾಪಾರಿಯಿಂದಲೇ ಕೊಳ್ಳಬೇಕಿತ್ತು. ಒಳಗೆ ಬರಲು ಒಂದು ಶುಲ್ಕ, ಮನೆ ಮಾರಿ ಹೋಗುವಾಗ ಇನ್ನೊಂದು. ನೆಂಟರು ಬಂದರೆ ಶುಲ್ಕ, ನಾಯಿ ಸಾಕಿದರೆ ಶುಲ್ಕ. ಕರಾರು ಬಹುತೇಕ ತಿಂಗಳಿನಿಂದ ತಿಂಗಳಿಗೆ; ನೋಟಿಸು ಕೊಟ್ಟರೆ ಕಾರಣ ಹೇಳುವ ಹಂಗಿಲ್ಲ. ಇವನ್ನು ಪ್ರಶ್ನಿಸಿ ಸಭೆ ಸೇರಿಸಿದವರಿಗೇ ಮೊದಲು ನೋಟಿಸು ಹೋಗುತ್ತಿತ್ತು. ಕಾನೂನಿನ ಕಣ್ಣಿಗೆ ಅವರು ಸಾಮಾನ್ಯ ತಿಂಗಳ ಬಾಡಿಗೆದಾರರು. ಮನೆಗೆ ವಾಹನದ ಹಾಗೆ ನೋಂದಣಿ ಇದ್ದುದರಿಂದ ಬ್ಯಾಂಕಿನವರೂ ಗೃಹಸಾಲದ ಬದಲು ಹೆಚ್ಚು ಬಡ್ಡಿಯ ಚರಾಸ್ತಿ ಸಾಲವನ್ನೇ ಕೊಡುತ್ತಿದ್ದರು. ಸಾಲದ ಈ ತಾರತಮ್ಯ ಇಂದಿಗೂ ಪೂರ್ತಿ ಹೋಗಿಲ್ಲ.

ಎಪ್ಪತ್ತರ ದಶಕದ ತಿರುವು

ಬದಲಾವಣೆ ಬಂದದ್ದು ನಿವೃತ್ತರಿಂದ. ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ಪಿಂಚಣಿ ಹಣದಿಂದ ಇಂಥ ಮನೆ ಕೊಂಡವರು ಲಕ್ಷಾಂತರ ಮಂದಿ. ಅವರಿಗೆ ಬಿಡುವಿತ್ತು, ಸಂಘ ಕಟ್ಟುವ ಅನುಭವವಿತ್ತು, ಮತ್ತು ಅವರು ತಪ್ಪದೆ ಮತ ಹಾಕುತ್ತಿದ್ದರು. ಪಾರ್ಕಿನಿಂದ ಯಾರನ್ನಾದರೂ ಹೊರಹಾಕಲು ನಿರ್ದಿಷ್ಟ ಕಾರಣ ಬೇಕೆಂದು ಫ್ಲಾರಿಡಾ ಕಾಯಿದೆ ಮಾಡಿತು. ಪಾರ್ಕ್ ಮಾಲೀಕರು ಇದು ತಮ್ಮ ಆಸ್ತಿಹಕ್ಕಿಗೆ ಧಕ್ಕೆ ಎಂದು ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ಇದು ಸಾಧಾರಣ ಮಾಲೀಕ–ಬಾಡಿಗೆದಾರ ಸಂಬಂಧವಲ್ಲ, ಒಂದು ಬಗೆಯ ಮಿಶ್ರ ಸಂಬಂಧ. ಇಲ್ಲಿ ಬಾಡಿಗೆದಾರನೂ ಒಬ್ಬ ಆಸ್ತಿವಂತ ಎಂಬುದು ಆ ನ್ಯಾಯಾಲಯದ ತಿಳುವಳಿಕೆ. ಮುಂದೆ ಬಂದ ಕಾಯಿದೆಗಳಿಗೆಲ್ಲ ಈ ತಿಳುವಳಿಕೆಯೇ ಆಧಾರ.

ಅದೇ 1974ರಲ್ಲಿ ಕೇಂದ್ರ ಸರ್ಕಾರವೂ ಒಂದು ಕಾಯಿದೆ ತಂದಿತು. ಬೆಂಕಿ, ಗಾಳಿಗೆ ಸುಲಭವಾಗಿ ತುತ್ತಾಗುತ್ತಿದ್ದ ಈ ಮನೆಗಳ ನಿರ್ಮಾಣಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಗುಣಮಟ್ಟ 1976ರ ಜೂನ್ 15ರಿಂದ ಜಾರಿಗೆ ಬಂತು. ಮನೆಗೆ ಶಾಶ್ವತವಾದ ಚೌಕಟ್ಟು ಇರಬೇಕೆಂದೂ ಕಾಯಿದೆಯ ವ್ಯಾಖ್ಯೆ ಹೇಳಿತು. 1980ರಲ್ಲಿ ‘ಮೊಬೈಲ್ ಹೋಮ್’ ಎಂಬ ಮಾತನ್ನೇ ಕಾಯಿದೆಯಿಂದ ತೆಗೆದು ‘ಮ್ಯಾನುಫ್ಯಾಕ್ಚರ್ಡ್ ಹೋಮ್’ ಎಂದು ಬದಲಿಸಿದರು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಆದರೆ ಈ ಕಾಯಿದೆ ಮನೆಯ ಗೋಡೆಗಳನ್ನಷ್ಟೇ ನೋಡಿತು. ಕೆಳಗಿನ ನೆಲದ ಬಾಡಿಗೆಯ ಗೊಡವೆಗೆ ಹೋಗಲಿಲ್ಲ. ಅದನ್ನು ರಾಜ್ಯಗಳಿಗೇ ಬಿಟ್ಟರು.

ರಾಜ್ಯಗಳ ಕಾಯಿದೆಗಳಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ರೂಪುಗೊಂಡ ಮೊಬೈಲ್‌ಹೋಮ್ ರೆಸಿಡೆನ್ಸಿ ಲಾ. ಮನೆ ಸಾಗಿಸುವ ದುಬಾರಿ ವೆಚ್ಚ, ಸಾಗಿಸುವಾಗ ಆಗುವ ಹಾನಿ, ಸೈಟನ್ನು ಅಣಿಗೊಳಿಸಲು ನಿವಾಸಿ ಸುರಿದ ಹಣ – ಇವುಗಳಿಂದಾಗಿ ಈ ಜನರಿಗೆ ವಿಶೇಷ ರಕ್ಷಣೆ ಬೇಕು ಎಂದು ಕಾಯಿದೆಯಲ್ಲೇ ಬರೆದಿದೆ. ಅದರ ಮುಖ್ಯ ಅಂಶಗಳು ಸರಳ. ಬಾಡಿಗೆ ಕಟ್ಟದಿರುವುದು, ನ್ಯಾಯವಾದ ನಿಯಮ ಮುರಿಯುವುದು, ನೆರೆಯವರಿಗೆ ಗಣನೀಯ ತೊಂದರೆ ಕೊಡುವುದು, ಪಾರ್ಕನ್ನೇ ಮುಚ್ಚುವುದು – ಹೀಗೆ ಕಾಯಿದೆ ಪಟ್ಟಿ ಮಾಡಿದ ಕಾರಣಗಳಿಲ್ಲದೆ ಯಾರನ್ನೂ ಹೊರಹಾಕುವಂತಿಲ್ಲ. ಹಾಕುವುದಿದ್ದರೂ ಸಾಮಾನ್ಯವಾಗಿ 60 ದಿನಗಳ ಲಿಖಿತ ನೋಟಿಸು ಬೇಕು. ಬಾಡಿಗೆ ಏರಿಸಲು ಈಗ 90 ದಿನ ಮೊದಲೇ ತಿಳಿಸಬೇಕು. ನಿವಾಸಿಗಳು ಪಾರ್ಕಿನಲ್ಲಿ ಸಭೆ ಸೇರುವುದನ್ನು ತಡೆಯುವಂತಿಲ್ಲ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮನೆಯನ್ನು ಇದ್ದ ಜಾಗದಲ್ಲೇ ಮಾರುವ ಹಕ್ಕು. ಕೊಳ್ಳುವವರಿಗೆ ಬಾಡಿಗೆ ಕಟ್ಟುವ ಶಕ್ತಿಯಿದೆಯೇ, ಹಿಂದಿನ ಬಾಡಿಗೆಯ ದಾಖಲೆ ಚೆನ್ನಾಗಿದೆಯೇ ಎಂಬಂಥ ಕೆಲವೇ ಆಧಾರಗಳ ಮೇಲೆ ಮಾಲೀಕ ಅವರನ್ನು ತಿರಸ್ಕರಿಸಬಹುದು. ಈ ಹಕ್ಕಿಲ್ಲದಿದ್ದರೆ ಮನೆಯ ಒಡೆತನ ಎನ್ನುವುದು ಬರೀ ತಗಡು, ಮರದ ಒಡೆತನ.

ಮೂಲಗೇಣಿಯ ನೆನಪು, ಎಸ್ಕಾಂಡಿಡೋದ ಮೊಕದ್ದಮೆ

ನಮ್ಮ ಕರಾವಳಿಯ ಓದುಗರಿಗೆ ಇದರಲ್ಲಿ ಪರಿಚಿತವಾದದ್ದು ಏನೋ ಕಂಡಿರಬಹುದು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯ ಗೇಣಿ ಇದ್ದವು. ಮೂಲಗೇಣಿದಾರನಿಗೆ ನೆಲ ತಲೆತಲಾಂತರಕ್ಕೆ, ಗೇಣಿಯೂ ನಿಗದಿತ. ಚಾಲಗೇಣಿ ಒಡೆಯನ ಮರ್ಜಿ. ಗೇಣಿ ಏರಿಸಬಹುದು, ಬಿಡಿಸಬಹುದು. ಮಂಗಳೂರಿನಂಥ ಪೇಟೆಗಳಲ್ಲಿ ಮೂಲಗೇಣಿ ನೆಲದ ಮೇಲೆ ಮನೆ ಕಟ್ಟಿಕೊಂಡವರಿಗೆ ಒಡೆತನ ಕೊಡಿಸಲು ಕರ್ನಾಟಕ 2011ರಲ್ಲಿ ಕಾಯಿದೆಯನ್ನೇ ಮಾಡಿತು. ಆ ಪದಗಳಲ್ಲಿ ಹೇಳುವುದಾದರೆ, ಕ್ಯಾಲಿಫೋರ್ನಿಯಾದ ನಿವಾಸಿಗೆ 1978ರಲ್ಲಿ ಸಿಕ್ಕಿದ್ದು ಮೂಲಗೇಣಿಯ ಅರ್ಧ. ನೆಲೆಯ ಭರವಸೆ ಬಂತು. ಬಾಡಿಗೆಗೆ ಮಿತಿ ಬರಲಿಲ್ಲ. ಕಾರಣವಿಲ್ಲದೆ ಹೊರಹಾಕುವಂತಿಲ್ಲ ಸರಿ, ಆದರೆ ಬಾಡಿಗೆಯನ್ನು ದುಪ್ಪಟ್ಟು ಮಾಡಿದರೆ ನಿವಾಸಿ ತಾನಾಗಿಯೇ ಹೊರಡುತ್ತಾನೆ.

ಉಳಿದರ್ಧವನ್ನು ನಗರಗಳು ತುಂಬಲು ನೋಡಿದವು. ಸ್ಯಾನ್ ಡಿಯೇಗೋ ಬಳಿಯ ಎಸ್ಕಾಂಡಿಡೋ ನಗರದ ಮತದಾರರು 1988ರಲ್ಲಿ ಸೈಟಿನ ಬಾಡಿಗೆಯನ್ನು 1986ರ ಮಟ್ಟಕ್ಕೆ ಇಳಿಸಿ, ನಗರಸಭೆಯ ಒಪ್ಪಿಗೆಯಿಲ್ಲದೆ ಏರಿಸಬಾರದೆಂದು ತೀರ್ಮಾನಿಸಿದರು. ಅಲ್ಲಿ ಎರಡು ಪಾರ್ಕುಗಳಿದ್ದ ಯೀ ದಂಪತಿ ಇದನ್ನು ಪ್ರಶ್ನಿಸಿದರು. ಅವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ರಾಜ್ಯ ಹೊರಹಾಕಬೇಡ ಎನ್ನುತ್ತದೆ, ನಗರ ಬಾಡಿಗೆ ಏರಿಸಬೇಡ ಎನ್ನುತ್ತದೆ. ಹಾಗಾದರೆ ನಮ್ಮ ನೆಲವನ್ನು ಕಿತ್ತು ಅವರಿಗೆ ಕೊಟ್ಟಂತಾಗಲಿಲ್ಲವೇ? ಅಷ್ಟೇ ಅಲ್ಲ, ಬಾಡಿಗೆ ಕಡಿಮೆಯಿರುವ ಸೈಟಿನ ಮೇಲಿನ ಮನೆಗೆ ಹೆಚ್ಚು ಬೆಲೆ ಬರುತ್ತದೆ. ಈಗಿರುವ ನಿವಾಸಿ ಆ ಲಾಭವನ್ನು ಜೇಬಿಗಿಳಿಸಿ ಹೋಗುತ್ತಾನೆ. ಮುಂದೆ ಬರುವ ಬಡವನಿಗೆ ಅಗ್ಗದ ಮನೆ ಸಿಗುವುದೇ ಇಲ್ಲ.

1992ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್. ಮೊಬೈಲ್ ಹೋಮ್ ಎಂಬ ಹೆಸರೇ ದಾರಿ ತಪ್ಪಿಸುವಂಥದು, ನೂರಕ್ಕೆ ಒಂದು ಮನೆಯಷ್ಟೇ ಒಮ್ಮೆ ಕೂತ ಜಾಗ ಬಿಟ್ಟು ಹೋಗುತ್ತದೆ ಎಂಬುದನ್ನು ಅವರು ದಾಖಲಿಸಿದರು. ಆದರೆ ತೀರ್ಪು ನಿಂತದ್ದು ಬೇರೆ ಕಾರಣದ ಮೇಲೆ. ನೆಲವನ್ನು ಬಾಡಿಗೆಗೆ ಕೊಡಿ ಎಂದು ಸರ್ಕಾರ ಮಾಲೀಕರನ್ನು ಬಲವಂತ ಮಾಡಿರಲಿಲ್ಲ, ಅವರೇ ಕೊಟ್ಟರು. ಬೇಡವೆನಿಸಿದರೆ ರಾಜ್ಯದ ಕಾಯಿದೆಯಂತೆ ಆರು ಅಥವಾ ಹನ್ನೆರಡು ತಿಂಗಳ ನೋಟಿಸು ಕೊಟ್ಟು ಪಾರ್ಕು ಮುಚ್ಚಿ ನೆಲವನ್ನು ಬೇರೆಯದಕ್ಕೆ ಬಳಸಬಹುದು. ಆದ್ದರಿಂದ ಇದನ್ನು ನೆಲ ಕಿತ್ತುಕೊಂಡಂತೆ ಎನ್ನಲಾಗದು. ನಿಯಂತ್ರಣ ಅತಿಯಾಯಿತೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಅಂದು ಎತ್ತಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದ ಸುಮಾರು ನೂರು ಊರು, ಕೌಂಟಿಗಳಲ್ಲಿ ಇಂದು ಸೈಟಿನ ಬಾಡಿಗೆಗೆ ಮಿತಿಯಿದೆ.

ಮಿತಿಯಿದ್ದ ಕಡೆ ಅದರಿಂದ ನುಣುಚಿಕೊಳ್ಳುವ ದಾರಿಯೂ ಇತ್ತು. ಹನ್ನೆರಡು ತಿಂಗಳಿಗಿಂತ ದೀರ್ಘವಾದ ಕರಾರಿಗೆ ಸಹಿ ಹಾಕಿದವರಿಗೆ ನಗರದ ಬಾಡಿಗೆ ಮಿತಿ ಅನ್ವಯಿಸುವುದಿಲ್ಲ ಎಂದು 1985ರಲ್ಲಿ ಕ್ಯಾಲಿಫೋರ್ನಿಯಾ ಒಂದು ವಿನಾಯಿತಿ ಸೇರಿಸಿತು. ದೀರ್ಘ ಕರಾರು ಎಂದರೆ ಭದ್ರತೆ ಎಂದುಕೊಂಡು ಸಹಿ ಹಾಕಿದ ಎಷ್ಟೋ ಹಿರಿಯರು ತಮಗಿದ್ದ ರಕ್ಷಣೆಯನ್ನೇ ಬರೆದುಕೊಟ್ಟಂತಾಯಿತು. 2020ರಲ್ಲಿ ಶಾಸಕಾಂಗ ಈ ಕಿಂಡಿಯನ್ನು ಮುಚ್ಚಲು ತೊಡಗಿತು; 2025ರ ಜನವರಿ 1ರಿಂದ ಆ ವಿನಾಯಿತಿ ಪೂರ್ತಿ ರದ್ದಾಗಿದೆ.

ನೆಲವನ್ನೇ ಕೊಂಡವರು

ಪಾರ್ಕು ಮುಚ್ಚುವ ಹಕ್ಕು ಮಾಲೀಕನಿಗಿದೆ ಎಂಬ ಮಾತನ್ನೇ ಎಸ್ಕಾಂಡಿಡೋ ತೀರ್ಪು ಆಧಾರವಾಗಿಟ್ಟುಕೊಂಡಿತು. ನಿವಾಸಿಗಳ ಅತಿ ದುರ್ಬಲ ಜಾಗವೂ ಅದೇ. ಸಿಲಿಕಾನ್ ಕಣಿವೆಯ ಕನ್ನಡಿಗರು ದಿನವೂ ಓಡಾಡುವ ಎಲ್ ಕಮೀನೋ ರಸ್ತೆಯಲ್ಲಿ, ಪಾಲೋ ಆಲ್ಟೋದ ಏಕೈಕ ಪಾರ್ಕಾದ ಬ್ಯೂನಾ ವಿಸ್ತಾ ಇದೆ. ಸುಮಾರು 400 ಜನ, ಹೆಚ್ಚಿನವರು ಲ್ಯಾಟಿನೋ ದುಡಿಮೆಗಾರರು. ಅವರ ಮಕ್ಕಳು ದೇಶದ ಅತ್ಯುತ್ತಮ ಶಾಲೆಗಳಲ್ಲಿ ಓದುತ್ತಿದ್ದರು. ಅದನ್ನು ಮುಚ್ಚುವ ಇಂಗಿತವನ್ನು ಮಾಲೀಕರು 2012ರಲ್ಲಿ ತಿಳಿಸಿದರು, 2015ರಲ್ಲಿ ನಗರಸಭೆ ಒಪ್ಪಿತು. ಐದು ವರ್ಷದ ಹೋರಾಟದ ನಂತರ, 2017ರಲ್ಲಿ, ಕೌಂಟಿಯ ವಸತಿ ಪ್ರಾಧಿಕಾರ ನಗರ ಮತ್ತು ಕೌಂಟಿಯ ನೆರವಿನಿಂದ ಸುಮಾರು 4 ಕೋಟಿ ಡಾಲರ್ ಕೊಟ್ಟು ಆ ನೆಲವನ್ನು ಕೊಂಡಿತು. ಪಾರ್ಕು ಉಳಿಯಿತು. ಆದರೆ ಎಲ್ಲ ಊರುಗಳಿಗೂ ಪಾಲೋ ಆಲ್ಟೋದ ಖಜಾನೆಯಿಲ್ಲ.

ಬಡವರು ತಾವೇ ಕಂಡುಕೊಂಡ ದಾರಿ ಇನ್ನೊಂದು ಮೂಲೆಯಲ್ಲಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿದೆ. 1984ರಲ್ಲಿ ಅಲ್ಲಿನ ಮೆರೆಡಿತ್ ಎಂಬ ಊರಿನಲ್ಲಿ ಮಾರಾಟಕ್ಕೆ ಬಂದ ಪುಟ್ಟ ಪಾರ್ಕೊಂದನ್ನು ಹದಿಮೂರು ಮನೆಗಳವರು ಸಹಕಾರಿ ಸಂಘ ಕಟ್ಟಿಕೊಂಡು ಕೊಂಡರು. ಆಗಷ್ಟೇ ಹುಟ್ಟಿದ್ದ ಒಂದು ಸಮುದಾಯ ಸಾಲನಿಧಿ ಅವರಿಗೆ 42,000 ಡಾಲರ್ ಸಾಲ ಕೊಟ್ಟಿತು. ಪಾರ್ಕು ಮಾರುವ ಮೊದಲು ನಿವಾಸಿಗಳಿಗೆ 60 ದಿನ ಮುಂಚೆ ತಿಳಿಸಬೇಕೆಂದು ಆ ರಾಜ್ಯ ಕೆಲವೇ ವರ್ಷಗಳಲ್ಲಿ ಕಾಯಿದೆ ಮಾಡಿತು. ಇದೇ ಮಾದರಿಯನ್ನು ದೇಶಕ್ಕೆ ಹಬ್ಬಿಸಲು 2008ರಲ್ಲಿ ಆರ್‌ಒಸಿ ಯುಎಸ್‌ಎ ಎಂಬ ಸಂಸ್ಥೆ ಹುಟ್ಟಿತು; ಅದರ ಬಳಗದಲ್ಲಿ ಈಗ 300ಕ್ಕೂ ಹೆಚ್ಚು ಪಾರ್ಕುಗಳಿವೆ. ಅಲ್ಲಿ ಬಾಡಿಗೆ ಎಷ್ಟಿರಬೇಕೆಂದು ನಿವಾಸಿಗಳೇ ಮತ ಹಾಕಿ ತೀರ್ಮಾನಿಸುತ್ತಾರೆ. ಪಾರ್ಕು ಮಾರುವ ಮುನ್ನ ನಿವಾಸಿಗಳಿಗೆ ಕೊಳ್ಳುವ ಅವಕಾಶ ಕೊಡಬೇಕೆಂದು 2020ರಲ್ಲಿ ಕೊಲರಾಡೋ ವಿಧಿಸಿತು. ಹಣ ಹೊಂದಿಸಲು ಮೊದಲು 90 ದಿನ ಇದ್ದದ್ದು ಈಗ 120 ದಿನ.

ಈ ಆತುರಕ್ಕೆ ಕಾರಣವಿದೆ. ಕಳೆದ ಹದಿನೈದು ವರ್ಷಗಳಲ್ಲಿ ಒಂಟಿ ಮಾಲೀಕರಿಂದ ಪಾರ್ಕುಗಳು ದೊಡ್ಡ ಹೂಡಿಕೆದಾರರ ಕೈಗೆ ಜಾರುತ್ತಿವೆ. ಬಾಡಿಗೆದಾರ ಎದ್ದು ಹೋಗಲಾರ ಎಂಬ ಸಂಗತಿ ಕಾನೂನಿಗೆ ರಕ್ಷಣೆಯ ಕಾರಣವಾಗಿ ಕಂಡಿತ್ತು. ಹೂಡಿಕೆದಾರರಿಗೆ ಅದೇ ಸಂಗತಿ ನಿಶ್ಚಿತ ವರಮಾನವಾಗಿ ಕಂಡಿತು. ಹಣ ದೂರದಿಂದಲೂ ಬಂತು. 2016ರಲ್ಲಿ ದೇಶದ ದೊಡ್ಡ ಪಾರ್ಕ್ ಕಂಪನಿಗಳಲ್ಲಿ ಒಂದರ ಹೆಚ್ಚಿನ ಪಾಲನ್ನು ಕೊಂಡವರಲ್ಲಿ ಸಿಂಗಪುರ ಸರ್ಕಾರದ ಹೂಡಿಕೆ ನಿಧಿಯೂ ಪೆನ್ಸಿಲ್ವೇನಿಯಾದ ಶಾಲಾ ನೌಕರರ ಪಿಂಚಣಿ ನಿಧಿಯೂ ಇದ್ದವು. ಷೇರುಪೇಟೆಯಲ್ಲೂ ಇಂಥ ಕಂಪನಿಗಳಿವೆ. ಇಡೀ ಮಾರುಕಟ್ಟೆಯನ್ನು ಹಿಂಬಾಲಿಸುವ ಇಂಡೆಕ್ಸ್ ಫಂಡ್‌ನಲ್ಲಿ ನಿವೃತ್ತಿಗಾಗಿ ಹಣವಿಡುವ ನಮ್ಮಂಥವರು, ನಮಗೆ ತಿಳಿಯದೆಯೇ, ಯಾವುದೋ ಪಾರ್ಕಿನ ನೆಲದ ಚೂರುಪಾರು ಒಡೆಯರಾಗಿರುತ್ತೇವೆ. ಅಲ್ಲಿ ಬಾಡಿಗೆ ಏರಿದಾಗ ಅದರ ಒಂದೆರಡು ಕಾಸು ನಮ್ಮ ಲೆಕ್ಕಕ್ಕೂ ಬಂದು ಬೀಳುತ್ತದೆ.

ಇಂದಿಗೂ ಸೈಟಿನ ಬಾಡಿಗೆಗೆ ಇಡೀ ದೇಶಕ್ಕೆ ಅನ್ವಯಿಸುವ ಮಿತಿಯಿಲ್ಲ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ವರ್ಷಕ್ಕೆ ಶೇಕಡಾ 3ಕ್ಕೆ ಮಿತಿ ಹಾಕಿತು. ತಕ್ಕ ಕಾರಣ ತೋರಿಸಿದರೆ ಶೇಕಡಾ 6ರವರೆಗೆ ಅವಕಾಶವಿದೆ. ವಾಷಿಂಗ್ಟನ್ ರಾಜ್ಯ 2025ರಲ್ಲಿ ಶೇಕಡಾ 5ರ ಮಿತಿ ತಂದಿತು. ಫ್ಲಾರಿಡಾದಲ್ಲಿ 90 ದಿನದ ನೋಟಿಸು, ಸಂಧಾನದ ಅವಕಾಶ ಉಂಟು, ಮಿತಿಯಿಲ್ಲ. ಹಲವು ರಾಜ್ಯಗಳಲ್ಲಿ ಅಷ್ಟೂ ಇಲ್ಲ. ಆದ್ದರಿಂದ ನಿವೃತ್ತಿಯ ಬಳಿಕ ಬಿಸಿಲಿನ ಊರಿನಲ್ಲಿ ಅಗ್ಗದ ಮನೆ ಕಂಡು ಮನಸ್ಸು ಮಾಡುವವರು, ಅಡುಗೆಮನೆ ನೋಡುವ ಮುಂಚೆ ಸೈಟಿನ ಕರಾರು ಓದುವುದು ಒಳ್ಳೆಯದು. ಅದರ ಅವಧಿ ಎಷ್ಟು, ಬಾಡಿಗೆ ಯಾವ ಲೆಕ್ಕದಲ್ಲಿ ಏರುತ್ತದೆ, ಇದ್ದಲ್ಲೇ ಮಾರಲು ಬಿಡುತ್ತಾರೆಯೇ, ಪಾರ್ಕು ಮಾರಾಟವಾದರೆ ಮೊದಲು ನಮಗೆ ತಿಳಿಸುತ್ತಾರೆಯೇ? ಟ್ಯಾಂಪಾದ ಡಬ್ಬಿ ಪ್ರವಾಸಿಗಳಿಗೆ ಈ ಯಾವ ಪ್ರಶ್ನೆಯೂ ಬೇಕಿರಲಿಲ್ಲ. ಅವರ ಗಾಲಿಗಳು ನಿಜವಾಗಿಯೂ ಉರುಳುತ್ತಿದ್ದವು.